ಹೋಗುವ ತುದಿ ಸವೆದಿತ್ತು

ಭಾನುವಾರ, ೧೧ ಜೂನ್ ೨೦೧೭. ಬರೆಯಲು ಕೂತದ್ದು ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ನಮ್ಮ ಗೋಡೆ ಗಡಿಯಾರದಲ್ಲಿ. ಅದು ಎರಡು ನಿಮಿಷ ಮುಂದಿದೆ.

ಕಾಕಾನ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು, ಹೊಳೆಯುತ್ತಿತ್ತು, ಅದರ ಚರ್ಮದಲ್ಲಿ ಒಂದು ಗೆರೆಯೂ ಇರಲಿಲ್ಲ. ಆಧಾರ್ ಕಾರ್ಡ್ ಮಾಡಿಸಲು ಕಲ್ಯಾಣದ ಶಾಲೆಯೊಂದರ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಯಂತ್ರ ಆ ಬೆರಳನ್ನು ಮೂರು ಸಲ ತಿರಸ್ಕರಿಸಿತಂತೆ. ಹೆಬ್ಬೆರಳು ಎಲ್ಲಿ ಹೋಯಿತು ಎಂದು ಯಂತ್ರದ ಹುಡುಗಿ ಕೇಳಿದಳು, "ಕಾಕಾ, ಅಂಗೂಠಾ ಕಿಧರ್ ಗಯಾ?" ಇವರು ಹೇಳಿದರು, "ಗೌರ್ಮೆಂಟ್ ಕೋ ದೇ ದಿಯಾ."

ಸರಕಾರಕ್ಕೆ ಕೊಟ್ಟೆ ಎಂದದ್ದು ಸುಳ್ಳಲ್ಲ. ಸೈನಿಕರ ಬಂದೂಕಿನ ಭಾಗಗಳನ್ನು ಮಾಡುವ ಸರಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಅವರು ಮೂವತ್ತೆರಡು ವರ್ಷ ಇದ್ದರು. ದಿನವಿಡೀ ಮಾಡುತ್ತಿದ್ದದ್ದು ಒಂದೇ ಕೆಲಸ. ಬೆರಳಗಾತ್ರದ ಉಕ್ಕಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿ, ಎದುರಿನ ವಸ್ತುವಿನೊಳಗೆ ಅದು ಹೋಗುತ್ತದೋ ಇಲ್ಲವೋ ನೋಡುವುದು. ಆ ಕಡ್ಡಿಗೆ ಗೇಜ್ ಎನ್ನುತ್ತಾರೆ. ಅದರ ಒಂದು ತುದಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಎರಡೂ ಸರಿಯಾದರೆ ವಸ್ತುವಿನ ಮೇಲೆ ತಮ್ಮ ಮುದ್ರೆ ಒತ್ತುವುದು. ಪ್ರತಿ ತಪಾಸಣೆಗಾರನಿಗೂ ಅವನದೇ ಆದ ಮುದ್ರೆ ಇರುತ್ತದೆ. ನಿವೃತ್ತಿಯ ದಿನ ಅದನ್ನು ಒಪ್ಪಿಸಿ ಬರಬೇಕು.

ಊರು ಗದಗದ ಕಡೆಯದು. ಮನೆ ಕಲ್ಯಾಣ ಪೂರ್ವದಲ್ಲಿ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದದ್ದು ಅವರೇ.

ನಾನು ಅವರನ್ನು ಮೊದಲು ನೋಡಿದ್ದು ೧೭ ಆಗಸ್ಟ್ ೨೦೦೮, ಭಾನುವಾರ, ಡೊಂಬಿವಲಿ ಪೂರ್ವದ ನಮ್ಮ ಕನ್ನಡ ವಾಚನಾಲಯದಲ್ಲಿ. ವಾಚನಾಲಯ ಅಂದರೆ ಎರಡನೆಯ ಮಹಡಿಯ ಒಂದೇ ಕೋಣೆ. ಕೆಳಗೆ ಹಿಟ್ಟಿನ ಗಿರಣಿ. ಅದು ನಡೆಯುತ್ತಿದ್ದಷ್ಟು ಹೊತ್ತೂ ಕಪಾಟಿನ ಗಾಜು ಗುಯ್‌ಗುಡುತ್ತಿತ್ತು. ನಾನು ಆಗ ಹನ್ನೊಂದನೆಯ ಇಯತ್ತೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ. ಕನ್ನಡ ಓದಲು ಬರುತ್ತಿತ್ತು, ಬಸ್ಸಿನ ಬೋರ್ಡ್ ಓದಿದ ಹಾಗೆ, ಒಂದೊಂದೇ ಅಕ್ಷರ. ಅಮ್ಮ ಬೈದು ಕಳಿಸಿದ್ದಳು.

ಮೂಲೆಯಲ್ಲಿ ಕೂತು ನನ್ನ ನೋಟುಬುಕ್ಕಿನಲ್ಲಿ ಆ ವಾರದ ರೈಲುಗಳ ಪಟ್ಟಿ ಮಾಡುತ್ತಿದ್ದೆ. ಯಾವ ದಿನ ಯಾವ ಲೋಕಲ್ ಎಷ್ಟು ತಡ ಎಂದು ಬರೆಯುವ ಅಭ್ಯಾಸ ನನಗೆ ಏಳನೆಯ ಇಯತ್ತೆಯಿಂದ ಇದೆ. ಅವರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಹತ್ತು ನಿಮಿಷ ಲೇಟ್ ಅಂತ ಬರದೀಯಲ್ಲ ಯವ್ವಾ, ಯಾರ ಗಡಿಯಾರದಾಗ?"

"ಮತಲಬ್?"

"ನಿನ್ನ ಗಡಿಯಾರದಾಗೋ, ಸ್ಟೇಷನ್ ಗಡಿಯಾರದಾಗೋ? ಅಳದದ್ದು ಬರದಿ. ಯಾತರಿಂದ ಅಳದಿ ಅಂತ ಬರೀಲಿಲ್ಲ."

ಅಂದಿನಿಂದ ನನ್ನ ಪ್ರತಿ ಲೆಕ್ಕದ ಕೆಳಗೂ ಯಾವುದರಿಂದ ಅಳೆದೆ ಎಂಬ ಸಾಲು ಇರುತ್ತದೆ. ಈ ಬರಹದ ಮೊದಲ ಸಾಲಿನಲ್ಲೂ ಇದೆ.

ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಅಲ್ಲಿ ಮೂವರ ವಾದ ನಡೆಯುತ್ತಿತ್ತು. ಕಾಕಾ ಒಬ್ಬರು. ಎರಡನೆಯವರು ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಿದ್ದ ಉಡುಪಿಯ ಮಾಮ. ಚಹಾ ಅವರ ಹೋಟೆಲಿನಿಂದಲೇ ಬರುತ್ತಿತ್ತು, ಆದ್ದರಿಂದ ಅವರ ಮಾತನ್ನು ಪೂರ್ತಿ ಕೇಳಲೇಬೇಕಿತ್ತು. ಮೂರನೆಯವರು ಸೈನ್ಯದಿಂದ ನಿವೃತ್ತರಾಗಿ ಐರೋಲಿಯ ಒಂದು ಐಟಿ ಕಟ್ಟಡದಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದ ಹವಾಲ್ದಾರ್, ಬೆಳಗಾವಿ ಕಡೆಯವರು. ಮೂವರಿಗೂ ಬೇರೆ ಬೇರೆ ಕನ್ನಡ. ಜಗಳ ಮಾತ್ರ ಒಂದೇ: ನಮ್ಮ ಸೈನಿಕನ ಕೈಯಲ್ಲಿ ಯಾವ ಬಂದೂಕು ಇರಬೇಕು, ಅದನ್ನು ಇಲ್ಲೇ ಮಾಡಬೇಕೋ ಹೊರಗಿನಿಂದ ಕೊಳ್ಳಬೇಕೋ.

ನನ್ನ ಡೈರಿಯ ಪ್ರಕಾರ ಕಾಕಾ ವಾಚನಾಲಯಕ್ಕೆ ಬಂದ ಭಾನುವಾರಗಳು ಇನ್ನೂರ ಹನ್ನೊಂದು. ಬಂದೂಕಿನ ಮಾತು ಬಂದದ್ದು ತೊಂಬತ್ತೇಳು ಸಲ. ಮೊದಮೊದಲು ಅರ್ಥವಾಗುತ್ತಿರಲಿಲ್ಲ. ಕೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ತಪ್ಪು ತಿದ್ದಿಸಿಕೊಳ್ಳುತ್ತಿದ್ದೆ. ನಾನು ಕನ್ನಡ ಬರೆಯಲು ಕಲಿತದ್ದು ಹಾಗೆ, ಬಂದೂಕಿನ ಜಗಳ ಬರೆದುಕೊಳ್ಳುತ್ತ.

ಮಾಮನ ಪಕ್ಷ ಸರಳ. "ಎಂತಕ್ಕೆ ಇಷ್ಟು ಕಷ್ಟ ಮಾರಾಯ್ರೆ? ಒಳ್ಳೇದು ಎಲ್ಲಿ ಉಂಟೋ ಅಲ್ಲಿಂದ ತರ್ಸಿ. ನನ್ನ ಗ್ರೈಂಡರ್ ಹಾಳಾದ್ರೆ ನಾನು ಕೊಯಮತ್ತೂರಿನಿಂದ ತರ್ಸುದಿಲ್ವಾ?"

"ಗ್ರೈಂಡರ್ ಕೆಟ್ರ ಗಿರಾಕಿಗೆ ಇಡ್ಲಿ ಇಲ್ಲ," ಹವಾಲ್ದಾರ್ ಹೇಳುತ್ತಿದ್ದರು. "ಬಂದೂಕ ಕೆಟ್ರ ಗಿರಾಕಿನ ಇಲ್ಲ."

ಗುಂಡು ಸಣ್ಣದಿರಬೇಕೋ ದೊಡ್ಡದೋ ಎಂಬುದರ ಮೇಲೆ ಒಂದು ಇಡೀ ಮಳೆಗಾಲ ಹೋಯಿತು. ಸಣ್ಣದಾದರೆ ಹೆಚ್ಚು ಹೊರಬಹುದು. ದೊಡ್ಡದಾದರೆ ಒಂದೇ ಏಟಿಗೆ ಬೀಳುತ್ತಾನೆ. ಹವಾಲ್ದಾರ್ ದೊಡ್ಡದರ ಕಡೆ. ಗುಡ್ಡ ಹತ್ತಿದವರಿಗೆ ಭಾರ ಗೊತ್ತಿರಬೇಕಲ್ಲ ಎಂದು ಕಾಕಾ ಕೆಣಕಿದರೆ, "ಭಾರ ಗೊತ್ತು ಕಾಕಾ. ಗುಂಡು ತಿಂದೂ ಎದ್ದು ಓಡೂ ಮನುಷ್ಯಾನ್ನೂ ನೋಡೀನಿ," ಎನ್ನುತ್ತಿದ್ದರು. ಆಮೇಲೆ ಪೇಪರಿನಲ್ಲಿ ಸುದ್ದಿ ಬಂತು, ಸೈನ್ಯ ಒಂದೇ ಬಂದೂಕಿಗೆ ಬದಲಿಸಬಹುದಾದ ಎರಡು ನಳಿಗೆ ಕೇಳಿದೆ ಎಂದು. ಮಾಮ ಚಹಾ ಗ್ಲಾಸು ಕೆಳಗಿಟ್ಟರು. "ದೋಸೆ ಕಾವಲಿ ಬೇಕು, ಅದರಲ್ಲೇ ಇಡ್ಲಿಯೂ ಬೇಯ್ಬೇಕು, ಮೇಲಿಂದ ಹಗುರವೂ ಇರ್ಬೇಕು. ಹೀಗೆ ಬರ್ದು ಕೊಟ್ರೆ ಯಾವ ಅಂಗಡಿಯವ ಕೊಡ್ತಾನೆ? ಹತ್ತು ವರ್ಷ ಆದ್ರೂ ಕಾವಲಿ ಬರುದಿಲ್ಲ, ಗಿರಾಕಿ ಉಪವಾಸ." ಕಾಕಾ ನಕ್ಕದ್ದು ನಾನು ನೋಡಿದ ಕೆಲವೇ ಸಲಗಳಲ್ಲಿ ಅದೊಂದು.

ಅವರು ಎಂದೂ ಬಿಟ್ಟುಕೊಡದ ಒಂದು ವಿಷಯವಿತ್ತು. ನಮ್ಮ ಬಂದೂಕಿನ ಡಿಸೈನ್ ಕೆಟ್ಟದ್ದು ಎಂದರೆ ಸಹಿಸುತ್ತಿರಲಿಲ್ಲ. "ಚಿತ್ರದಾಗಿನ ಬಂದೂಕ ಎಂದೂ ಸಿಗಿಬೀಳಂಗಿಲ್ಲ," ಎನ್ನುತ್ತಿದ್ದರು. "ಚಿತ್ರ ಬರದಾಂವನ್ನ ಬೈಬ್ಯಾಡ್ರಿ. ಚಿತ್ರದಾಗ ಇದ್ದಂಗ ಮಾಡಿದ್ವ್ಯೋ ಇಲ್ಲೋ, ಮಾಡಿದ್ದನ್ನ ಸರಿಯಾಗಿ ನೋಡಿ ಒಪ್ಪಕೊಂಡ್ವ್ಯೋ ಇಲ್ಲೋ, ಅದನ್ನ ಕೇಳ್ರಿ. ನಾಳೆ ಹೊರಗಿಂದ ತಂದ್ರೂ ಒಪ್ಪಕೊಳ್ಳೂ ಮಂದಿ ನಾವ ಅಲ್ಲೇನು?"

ಇದನ್ನು ಅವರು ವಿಚಾರವಾಗಿ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ನಾಲ್ಕು ವರ್ಷ ಹಾಗೇ ತಿಳಿದಿದ್ದೆ.

೧೨ ಫೆಬ್ರವರಿ ೨೦೧೨. ಮಾಮ ಅಂದು ಮ್ಯಾಗಝೀನ್ ಅಂದರೆ ಏನು ಎಂದು ಕೇಳಿದರು, ಪೇಪರಿನಲ್ಲಿ ಓದಿದ್ದರು, ಅರ್ಥವಾಗಿರಲಿಲ್ಲ. ಕಾಕಾಗೆ ಖುಷಿ. ಬೆಂಕಿಪೊಟ್ಟಣ ತೆಗೆದು ಖಾಲಿ ಮಾಡಿದರು, ನನ್ನ ಪೆನ್ನಿನಿಂದ ಸ್ಪ್ರಿಂಗ್ ಬಿಚ್ಚಿ ಒಳಗಿಟ್ಟರು, ಮೇಲೆ ಮೂರು ಶೇಂಗಾ. "ಇದು ಗುಂಡಿನ ಡಬ್ಬಿ. ಕೆಳಗ ಸ್ಪ್ರಿಂಗ್, ಅದು ಮ್ಯಾಲ ದಬ್ಬತದ. ಮ್ಯಾಲ ಎರಡು ತುಟಿ ಅದಾವ. ತುಟಿ ಭಾಳ ಅಗಲ ಆದ್ರ ಗುಂಡು ಹೊರಗ ಜಿಗೀತಾವ. ಭಾಳ ಇಕ್ಕಟ್ಟಾದ್ರ ಸಿಗಿಬೀಳ್ತಾವ. ಬಂದೂಕಿನ ಜೀವ ಈ ತುಟಿಯೊಳಗ ಅದ." ಹೆಬ್ಬೆರಳಿನಿಂದ ಒತ್ತಿದರು, ಒಂದು ಶೇಂಗಾ ಹಾರಿ ಮಾಮನ ಅಂಗಿಯ ಮೇಲೆ ಬಿತ್ತು. ಎಲ್ಲರೂ ನಕ್ಕೆವು.

ಹವಾಲ್ದಾರ್ ನಗಲಿಲ್ಲ.

"ಕಾಕಾ, ಆ ತುಟಿ ನಾ ನೋಡೀನಿ," ಎಂದರು. "ಬರ್ಫದಾಗ, ಹಿಮದ ಗುಡ್ಡದಾಗ ನೋಡೀನಿ. ನನ್ನ ಜೋಡಿದಾರ, ನಮ್ಮ ಜಿಲ್ಲಾದಾಂವನ. ಎರಡು ಗುಂಡು ಹೋದೂ, ಮೂರನೇದು ಬರವಲ್ದು. ಅಂವ ಮ್ಯಾಗಝೀನ್ ತಗದು ನೆಲಕ್ಕ ಬಡದಾ. ಬಡಿಯೂದ್ರಾಗ ಕುತಗಿಗೆ ಗುಂಡು ಬಿತ್ತು. ಬಡಿಲಿಕ್ಕೆ ಎಷ್ಟ ಹೊತ್ತು ಹಿಡೀತದ? ಅಷ್ಟ ಹೊತ್ತು. ನೀವು ನಾಕು ವರ್ಷಾತು ಡಿಸೈನ್ ಛಲೋ ಡಿಸೈನ್ ಛಲೋ ಅಂತೀರಿ. ನಿಮ್ಮ ಡಿಸೈನ್ ಒಯ್ದು ಅವನ ಅವ್ವಗ ತೋರಸ್ರಿ ಹೋಗ್ರಿ."

ಕೆಳಗೆ ಗಿರಣಿ ನಡೆಯುತ್ತಿತ್ತು. ಕಪಾಟಿನ ಗಾಜು ಗುಯ್‌ಗುಟ್ಟುತ್ತಿತ್ತು.

"ಡಿಸೈನ್ ಅಲ್ಲ ಅದು," ಎಂದರು ಕಾಕಾ. ಎದ್ದು ನಿಂತಿದ್ದರು. "ಡಿಸೈನ್ ಅಲ್ಲ." ಚೀಲ ತೆಗೆದುಕೊಂಡು ಇಳಿದು ಹೋದರು. ಚಪ್ಪಲಿ ಅದಲುಬದಲು ಮಾಡಿಕೊಂಡು, ಮಾಮನದೊಂದು ತಮ್ಮದೊಂದು ಹಾಕಿಕೊಂಡು ಹೋಗಿದ್ದರು.

ಅವರು ಹೋದ ಮೇಲೆ ಹವಾಲ್ದಾರ್ ಮಾತು ಮುಂದುವರಿಸಿದರು, ಯಾರಿಗೂ ಅಲ್ಲ ಎಂಬಂತೆ. ಗುಂಡಿನ ಸದ್ದು ನಿಂತ ಮೇಲೆ ಆ ಮ್ಯಾಗಝೀನನ್ನು ಕೈಗೆತ್ತಿಕೊಂಡಿದ್ದರಂತೆ. ಅದರ ಬೆನ್ನಿನ ಮೇಲಿನ ಬರ್ಫವನ್ನು ಉಗುರಿನಿಂದ ಕೆರೆದು, ಯಾವ ಸೂಳೇಮಗ ಇದನ್ನು ಪಾಸ್ ಮಾಡಿದ ಎಂದು ನೋಡಿದ್ದರಂತೆ. ಒಂದು ಗೋಲ ಇತ್ತು. ಒಳಗೆ ಇಂಗ್ಲಿಷ್ ಅಂಕಿ, ಏಳು ಇಲ್ಲವೇ ಒಂದು. ನಾನು ಎಂದಿನಂತೆ ಬರೆದುಕೊಂಡೆ. ಹೊತ್ತು ಹನ್ನೊಂದು ನಲವತ್ತು, ನನ್ನ ಕೈಗಡಿಯಾರದಲ್ಲಿ.

ಕಾಕಾ ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಐದನೆಯ ಭಾನುವಾರವೂ ಕುರ್ಚಿ ಖಾಲಿ ಇತ್ತು. ೨೩ ಮಾರ್ಚ್, ಶುಕ್ರವಾರ, ಯುಗಾದಿ. ಅಮ್ಮ ಮಾಡಿದ ಪಾಯಸದ ಡಬ್ಬಿ ಹಿಡಿದು ಕಲ್ಯಾಣದ ಅವರ ಮನೆಗೆ ಹೋದೆ. ಅವರ ಚಾಳಿನ ಸಾಲುಮನೆಗಳ ಕಿಟಕಿಗಳಿಗೆಲ್ಲ ಮರಾಠಿಗರ ಹಬ್ಬದ ಗುಡಿ, ಸೀರೆ ಸುತ್ತಿದ ಬಿದಿರು ಕೋಲು, ಕಟ್ಟಿದ್ದರು. ಇವರ ಬಾಗಿಲಿಗೆ ಬರೀ ಮಾವಿನೆಲೆ.

ಬಾಗಿಲು ತೆಗೆದ ಕಾಕೂ, ಅವರ ಹೆಂಡತಿ, ನನ್ನ ಕೈಯಿಂದ ಡಬ್ಬಿ ಇಸಿದುಕೊಳ್ಳುತ್ತ ದೊಡ್ಡ ದನಿಯಲ್ಲೇ ಹೇಳಿದರು, "ಬಾರವಾ, ನೀನರ ಕೇಳು. ಬಾಯಿ ಬಿಡವಲ್ರು. ಪೇಪರ್ ಅಂಚಿಗೆಲ್ಲ ಗೋಲ ಬರೀತಾರ, ಗೋಲ ಬರೀತಾರ, ಹುಡುಗರು ಬರದಂಗ."

ಪೇಪರಿನ ಅಂಚಿನಲ್ಲಿ ನಿಜಕ್ಕೂ ವೃತ್ತಗಳಿದ್ದವು. ಪ್ರತಿ ವೃತ್ತದೊಳಗೆ ಏಳು.

ನನ್ನ ಮುಖದಲ್ಲಿ ಕಾಕಾ ಏನು ಕಂಡರೋ ತಿಳಿಯದು. ಕೇಳದೆಯೇ ಹೇಳತೊಡಗಿದರು.

ಒಂದು ಮಾರ್ಚ್ ಮೂವತ್ತೊಂದು. ಯಾವ ವರ್ಷ ಎಂದು ಬರೆಯಬೇಡ ಎಂದಿದ್ದರು, ಬರೆಯುವುದಿಲ್ಲ. ಅಂದು ಕಾರ್ಖಾನೆಯಲ್ಲಿ ವರ್ಷದ ಗುರಿ ಮುಗಿಸುವ ದಿನ. ಹನ್ನೊಂದು ತಿಂಗಳು ನಿಧಾನವಾಗಿ ನಡೆದ ಕೆಲಸ ಆ ಒಂದು ವಾರದಲ್ಲಿ ಓಡುತ್ತದೆ, ಓಡಿ ಬಂದು ತಪಾಸಣೆಯವನ ಮೇಜಿನ ಮುಂದೆ ನಿಲ್ಲುತ್ತದೆ. ಅಂದು ಬಂದದ್ದು ಮ್ಯಾಗಝೀನಿನ ಒಂದು ಲಾಟ್, ಒಟ್ಟಿಗೆ ತಯಾರಾದ ರಾಶಿ. ಪ್ರತಿ ಗೇಜಿಗೆ ಒಂದು ಚೀಟಿ ಕಟ್ಟಿರುತ್ತಾರೆ, ಯಾವ ತಾರೀಖಿನೊಳಗೆ ಅದನ್ನು ಗೇಜ್ ರೂಮಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು ಎಂದು. ಕಾಕಾನ ಕೈಲಿದ್ದ ಗೇಜಿನ ತಾರೀಖು ದಾಟಿ ನಾಲ್ಕು ದಿನವಾಗಿತ್ತು. ಬೇರೆ ಗೇಜ್ ಇದ್ದ ಕಪಾಟಿನ ಕೀಲಿ ರಜೆಯಲ್ಲಿದ್ದವನ ಹತ್ತಿರ. ಬಾಗಿಲಲ್ಲಿ ಪೀಸ್‌ವರ್ಕಿನ, ಅಂದರೆ ತುಂಡಿಗಿಷ್ಟು ಕೂಲಿಯ, ನಲವತ್ತು ಜನ ನಿಂತಿದ್ದರು. ಲಾಟ್ ಪಾಸಾದರೆ ಅವರ ತಿಂಗಳ ಕೂಲಿ ಪೂರ್ತಿ.

"ಚೀಟಿ ಕಂಡೆ. ಕಂಡು ಬೆರಳಿಲೆ ಮುಚ್ಚಿದೆ," ಎಂದರು ಕಾಕಾ. "ಅವತ್ತ ಒಂದೂ ರಿಜೆಕ್ಟ್ ಆಗ್ಲಿಲ್ಲವಾ. ದಿನಾ ಹತ್ತಿಪ್ಪತ್ತು ಆಗ್ತಿದ್ವು. ಒಂದೂ ಆಗ್ಲಿಲ್ಲ ಅಂದಾಗ ಅಂಜಬೇಕಾಗಿತ್ತು. ನಾ ಖುಷಿ ಪಟ್ಟೆ."

ಮೂರು ದಿನದ ಮೇಲೆ ಗೇಜ್ ರೂಮಿನವರು ಹೇಳಿದರು: ಹೋಗುವ ತುದಿ ಸವೆದಿದೆ. ಹೋಗುವ ತುದಿ ಸವೆದು ಸಣ್ಣದಾದರೆ ಅದು ಇಕ್ಕಟ್ಟಾದ ತುಟಿಯೊಳಗೂ ಹೋಗಿಬಿಡುತ್ತದೆ. ಅಂದರೆ ಅಂದು ಪಾಸಾದವುಗಳಲ್ಲಿ ಎಷ್ಟೋ ಪಾಸಾಗಬಾರದವು. ಕಾಕಾ ಓಡಿ ಮೇಲಧಿಕಾರಿಗೆ ಹೇಳಿದರು. ಅವರು, "ನೋಡೋಣ, ನೀವು ಹೇಳಿದ್ರಲ್ಲ, ಸಾಕು," ಎಂದರು. ಲಾಟ್ ಅಷ್ಟು ಹೊತ್ತಿಗೆ ಗೇಟು ದಾಟಿತ್ತು. ಕಾಕಾ ಬರೆದು ಕೊಟ್ಟಿದ್ದರೆ ಅದನ್ನು ಹಿಂದಕ್ಕೆ ಕರೆಸಲೇಬೇಕಾಗುತ್ತಿತ್ತು. ಬರೆಯಲಿಲ್ಲ.

"ಆಮೇಲೆ ವಾಪಸ್ ತರಿಸಿದ್ರಾ ಕಾಕಾ?"

"ಗೊತ್ತಿಲ್ಲ."

"ಕೇಳಲಿಲ್ವಾ?"

"ಕೇಳಿದ್ರ ಗೊತ್ತಾಗ್ತಿತ್ತಲ್ಲ ಯವ್ವಾ."

ಅಡಿಗೆಮನೆಯ ಬಾಗಿಲಲ್ಲಿ ಕಾಕೂ ನಿಂತಿದ್ದರು, ಕೈಯಲ್ಲಿ ಬೇವುಬೆಲ್ಲದ ಬಟ್ಟಲು. "ಪ್ರತಿ ವರ್ಷ ಆ ತಾರೀಖಿಗೆ ಊಟ ಬಿಡ್ತಾರ," ಎಂದರು ಮೆಲ್ಲಗೆ. "ನಾ ಯಾವುದೋ ವ್ರತ ಅಂತ ತಿಳಕೊಂಡಿದ್ದೆ. ಹೊಸಾ ಸೀರಿ ಉಟ್ಟು ಆರತಿ ಮಾಡೀನಿ, ಹುಚ್ಚಿ."

ವಾಪಸು ಬರುವ ರೈಲಿನಲ್ಲಿ, ಠಾಕುರ್ಲಿ ದಾಟುವಾಗ, ನನಗೆ ಒಂದು ವಿಷಯ ಹೊಳೆಯಿತು. ಡಿಸೈನೇ ಕೆಟ್ಟದ್ದು ಎಂದು ಯಾವುದಾದರೂ ಒಂದು ಭಾನುವಾರ ಒಪ್ಪಿಕೊಂಡಿದ್ದರೆ ಕಾಕಾನ ಭಾರ ಅರ್ಧ ಇಳಿಯುತ್ತಿತ್ತು. ಇಬ್ಬರು ಎದುರು ಕೂತು ಅದನ್ನೇ ಒಪ್ಪಿಕೋ ಒಪ್ಪಿಕೋ ಎಂದು ವರ್ಷಗಟ್ಟಲೆ ಕೇಳಿದರು. ಅವರು ಒಪ್ಪಲಿಲ್ಲ.

ಅವರಿಗೆ ಗೊತ್ತಿರದ ಒಂದು ಸಾಲು ನನ್ನ ಡೈರಿಯಲ್ಲಿತ್ತು. ಅವರು ಎದ್ದು ಹೋದ ಮೇಲೆ ಹವಾಲ್ದಾರ್ ಹೇಳಿದ್ದು. ಆ ದಿನ ಅದನ್ನು ಅವರಿಗೆ ಹೇಳದೆ ಬಂದೆ.

೧ ಏಪ್ರಿಲ್ ೨೦೧೨, ಭಾನುವಾರ, ಹತ್ತು ಗಂಟೆ ಐದು ನಿಮಿಷಕ್ಕೆ ಕಾಕಾ ಮೆಟ್ಟಿಲು ಹತ್ತಿ ಬಂದರು. ಹಿಂದಿನ ದಿನ ಊಟ ಮಾಡಿರಲಿಲ್ಲ, ಅದು ನನಗೆ ಗೊತ್ತಿತ್ತು. ಮಾಮನ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ಅದನ್ನು ಕೊಟ್ಟು, ಕೂರದೆ, ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಗೇಜು, ಚೀಟಿ, ಬೆರಳು, ಬರೆಯದ ಕಾಗದ.

ಮಾಮ ನಡುವೆ ಒಮ್ಮೆ, "ಇವತ್ತು ಎಪ್ರಿಲ್ ಒಂದು ಅಲ್ವಾ, ತಮಾಷೆ ಮಾಡ್ತೀರಾ ಮಾರಾಯ್ರೆ?" ಎಂದು ಕೇಳಿ, ಅವರ ಮುಖ ನೋಡಿ ಚಪ್ಪಲಿಯನ್ನು ಕುರ್ಚಿಯ ಕೆಳಗೆ ಸರಿಸಿದರು.

ಕೊನೆಗೆ ಕಾಕಾ ಜೇಬಿನಿಂದ ಒಂದು ಚೀಟಿ ತೆಗೆದು ಹವಾಲ್ದಾರರ ಮುಂದೆ ಇಟ್ಟರು. ವೃತ್ತ, ಒಳಗೆ ಏಳು. "ಇದು ನನ್ನ ಮುದ್ರಿ. ನೀವು ಮಿಲಿಟರಿ ಮನುಷ್ಯಾರು, ಅವತ್ತ ಗುರುತು ನೋಡದ ಬಿಟ್ಟಿರಂಗಿಲ್ಲ. ಇದ ಏನು? ಹೇಳ್ರಿ."

ಹವಾಲ್ದಾರ್ ಚೀಟಿಯನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಎಷ್ಟು ಹೊತ್ತು ಎಂದು ನಾನು ಅಳೆಯಲಿಲ್ಲ.

"ಇದಲ್ಲ ಕಾಕಾ," ಎಂದರು. "ಅದು ತ್ರಿಕೋಣ ಇತ್ತು."

ಮಾಮ ನನ್ನ ಕಡೆ ನೋಡಲಿಲ್ಲ. ನಾನು ಮಾಮನ ಕಡೆ ನೋಡಲಿಲ್ಲ.

ಕಾಕಾ ಕುರ್ಚಿಯಲ್ಲಿ ಕೂತರು. ನನ್ನ ಕಡೆ ತಿರುಗಿದರು. "ನಾ ಎದ್ದು ಹೋದ ದಿನ ನೀ ಬರದಿರಬೇಕಲ್ಲ. ಓದು. ತಾರೀಖಿನಿಂದ ಹಿಡದು ಓದು."

ಡೈರಿ ನನ್ನ ಚೀಲದಲ್ಲೇ ಇತ್ತು. ಇಲ್ಲ ಎನ್ನಬಹುದಿತ್ತು, ಅದೂ ಹೊಳೆಯಲಿಲ್ಲ. ತೆಗೆದೆ. ಓದಿದೆ. ತಾರೀಖು, ಬೆಂಕಿಪೊಟ್ಟಣ, ಶೇಂಗಾ, ಜೋಡಿದಾರ, ಬರ್ಫ, ಕುತ್ತಿಗೆ, ಕಾಕಾ ಎದ್ದು ಹೋದದ್ದು, ಚಪ್ಪಲಿ. ಅದರ ಕೆಳಗಿನ ಸಾಲನ್ನು ಬಿಟ್ಟು ಅದರ ಮುಂದಿನದನ್ನು ಓದಿದೆ: "ಹನ್ನೆರಡಕ್ಕೆ ವಾಚನಾಲಯ ಮುಚ್ಚಿದೆವು." ಡೈರಿ ಮುಚ್ಚಿದೆ.

ಕಾಕಾ ತಲೆಯಾಡಿಸಿದರು. "ಇವತ್ತಿಂದೂ ಬರಕೋ," ಎಂದರು. "ತ್ರಿಕೋಣ ಅಂತ ಬರಕೋ. ಯಾರು ಹೇಳಿದ್ರು ಅಂತನೂ ಬರಕೋ."

ಮೆಟ್ಟಿಲಿನಲ್ಲಿ ಹವಾಲ್ದಾರ್ ನನ್ನನ್ನು ನಿಲ್ಲಿಸಿದರು. "ತಂಗಿ, ಸಿಟ್ಟಾಗಬ್ಯಾಡ. ಆ ಮುದುಕನ್ನ ಕೊಂದ್ರ ನನ್ನ ಜೋಡಿದಾರ ಎದ್ದು ಬರ್ತಾನೇನು?"

"ನಾನೂ ಬಿಟ್ಟು ಓದಿದೆ," ಎಂದೆ.

"ಕೇಳಿದೆ. ಛಲೋ ಮಾಡಿದಿ."

ಛಲೋ ಮಾಡಿದೆನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಡೈರಿಯಲ್ಲಿ ಸುಳ್ಳಿಲ್ಲ. ನಾನು ಓದಿದ್ದರಲ್ಲಿ ಇದೆ.

ಆ ಮೇಲೆ ಮೂರೂವರೆ ವರ್ಷ ಕಾಕಾ ಭಾನುವಾರಗಳಿಗೆ ಬರುತ್ತಿದ್ದರು. ವಾದ ನಡೆಯುತ್ತಿತ್ತು, ಆದರೆ ಮೊದಲಿನ ಬಿಸಿ ಇರಲಿಲ್ಲ. ಹೊರಗಿನಿಂದ ಬಂದೂಕು ಕೊಳ್ಳುವ ಮಾತು ಪೇಪರಿನಲ್ಲಿ ಬಂದಾಗ, ಹೋದಾಗ, ಮತ್ತೆ ಬಂದಾಗ, ಮಾಮ ಎಷ್ಟೇ ಕೆಣಕಿದರೂ ಕಾಕಾ ಕೇಳುತ್ತಿದ್ದದ್ದು ಒಂದೇ: "ಒಪ್ಪಕೊಳ್ಳಾಂವ ಯಾರು? ಅವನ ಕೈಯಾಗಿನ ಗೇಜಿನ ತಾರೀಖು ಏನು?" ಹವಾಲ್ದಾರ್ ಅವರ ಗ್ಲಾಸಿಗೆ ತಾವೇ ಚಹಾ ಬಗ್ಗಿಸುತ್ತಿದ್ದರು. ಅದು ಮೊದಲು ಇರಲಿಲ್ಲ.

ಈ ನಡುವೆ ನನಗೆ ರಬಾಳೆಯಲ್ಲಿ ಔಷಧಿ ಪ್ಯಾಕ್ ಮಾಡುವ ಒಂದು ಸಣ್ಣ ಕಂಪನಿಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಸಿಕ್ಕಿತು. ೩೧ ಮಾರ್ಚ್ ೨೦೧೫, ಮಂಗಳವಾರ, ಮಧ್ಯಾಹ್ನ ಮೂರೂವರೆಗೆ ಒಂದು ಬ್ಯಾಚಿನ ಕಾಗದ ನನ್ನ ಸಹಿಗೆ ಬಂತು. ತೂಕದ ತಕ್ಕಡಿಯ ಚೀಟಿ ನೋಡಿದೆ. ತಾರೀಖು ದಾಟಿ ಎರಡು ದಿನ. ಸೂಪರ್‌ವೈಸರ್ ಹೇಳಿದ, "ಅಗ ದೋನ್ ದಿವಸ, ಕಾಯ್ ಹೋತಂಯ್?" ಎರಡು ದಿನಕ್ಕೆ ಏನಾಗುತ್ತದೆ ಎಂದು. ನನ್ನ ಹೆಬ್ಬೆರಳು ಆ ಚೀಟಿಯ ಮೇಲೆಯೇ ಇತ್ತು. ತೆಗೆದೆ. ತಕ್ಕಡಿಯ ಅವಧಿ ಮುಗಿದಿದೆ ಎಂದು ಪೆನ್ನಿನಲ್ಲಿ ಬರೆದು, ಕೆಳಗೆ ಸಹಿ ಮಾಡಿದೆ. ಬ್ಯಾಚು ನಿಂತಿತು. ತಕ್ಕಡಿಯನ್ನು ಪರೀಕ್ಷಿಸಿದರೆ ಅದು ಸರಿಯಾಗಿಯೇ ಇತ್ತು. ಮರು ತಿಂಗಳು ನನ್ನನ್ನು ಗೋದಾಮಿಗೆ ಹಾಕಿದರು. ಕಾಕಾಗೆ ಹೇಳಿದೆ. ಅವರು ಶಭಾಷ್ ಎನ್ನಲಿಲ್ಲ. "ಸರಿಯಿತ್ತು ಅಂತ ಗೊತ್ತಾತಲ್ಲ," ಎಂದರು. "ಆ ರಾತ್ರಿ ನಿದ್ದಿ ಬಂತಿಲ್ಲೋ? ಅಷ್ಟ."

೨೦೧೫ರ ಕೊನೆಗೆ ಅವರ ಉಸಿರು ಮೆಟ್ಟಿಲಿಗೆ ಸಾಲದಾಯಿತು, ವಾಚನಾಲಯಕ್ಕೆ ಬರುವುದು ನಿಂತಿತು. ೨೨ ಜನವರಿ ೨೦೧೭, ಭಾನುವಾರ, ಠಾಣೆಯ ಮಾಜಿವಾಡಾ ಹತ್ತಿರದ ಆಸ್ಪತ್ರೆಯಲ್ಲಿ ಅವರನ್ನು ಕಂಡೆ. ಬೆಳಿಗ್ಗೆ ಹನ್ನೊಂದು, ಆಸ್ಪತ್ರೆಯ ಗಡಿಯಾರದಲ್ಲಿ. ಕಾಕೂ ಕೆಳಗೆ ಔಷಧಿ ತರಲು ಹೋಗಿದ್ದರು. ಕಾಕಾನ ಬೆರಳಿಗೆ ನಾಡಿ ನೋಡುವ ಕ್ಲಿಪ್ ಹಾಕಿದ್ದರು, ಬಲಗೈ ಹೆಬ್ಬೆರಳಿಗಲ್ಲ, ಪಕ್ಕದ್ದಕ್ಕೆ.

"ಅವತ್ತ ನೀ ಓದೂ ಮುಂದ," ಎಂದರು, ಪೀಠಿಕೆಯೇ ಇಲ್ಲದೆ, "ನಿನ್ನ ಬಟ್ಟು ಒಂದು ಸಾಲಿನ ಮ್ಯಾಲ ನಿಂತು, ಹಾರಿ, ಮುಂದಿನದಕ್ಕ ಹೋತು. ಮೂವತ್ತೆರಡು ವರ್ಷ ಬಟ್ಟು ನೋಡಿದಾಂವ ನಾ."

"ಈಗ ಓದ್ಲಾ ಕಾಕಾ?" ಎಂದೆ. ಆ ವರ್ಷದ ಡೈರಿ ಮನೆಯಲ್ಲಿತ್ತು, ಆ ಸಾಲು ನನಗೆ ಬಾಯಿಪಾಠವಿತ್ತು.

"ಬ್ಯಾಡ. ಏನಂತ ಇರಬೇಕು ಅಂತ ನನಗ ಗೊತ್ತದ." ಉಸಿರು ತೆಗೆದುಕೊಂಡರು. "ಅಂವ ನನ್ನ ಸಲುವಾಗಿ ಸುಳ್ಳ ಹೇಳಿದ. ನೀ ನನ್ನ ಸಲುವಾಗಿ ಬಿಟ್ಟು ಓದಿದಿ. ಇಬ್ಬರ ಮ್ಯಾಲೂ ಸಿಟ್ಟಿಲ್ಲ. ಆದ್ರ ಲಾಟ್ ವಾಪಸ್ ಬಂತೋ ಇಲ್ಲೋ, ಅದು ಉಳದೇ ಹೋತು. ನಾ ಕೇಳ್ಲಿಲ್ಲ. ನೀ ಕೇಳು. ಗೊತ್ತಿದ್ದಾಂವ ಎಲ್ಲೋ ಒಬ್ಬ ಇದ್ದಾನ. ಬಾಯಿಲೆ ಕೇಳಬ್ಯಾಡ ಮತ್ತ. ಬರದು ಕೇಳು."

ಮಂಗಳವಾರ ಹೋದರು. ೨೪ ಜನವರಿ. ಹೊತ್ತು ನನಗೆ ಸರಿಯಾಗಿ ಗೊತ್ತಿಲ್ಲ, ನಾನು ಅಲ್ಲಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ಸಂಜೆ ಐರೋಲಿಯಲ್ಲಿ ಇಳಿದು, ಹವಾಲ್ದಾರ್ ಕೆಲಸ ಮಾಡುವ ಗೇಟಿಗೆ ಹೋದೆ. ಈಗಲಾದರೂ ನಿಜ ಹೇಳಿ, ಅದು ಏಳೋ ಒಂದೋ ಎಂದು ಕೇಳಿದೆ. ಅವರು ಬ್ಯಾರಿಕೇಡ್ ಎತ್ತಿ ಒಂದು ಕಾರನ್ನು ಒಳಗೆ ಬಿಟ್ಟು ಬಂದರು. "ತಂಗಿ, ಕಾಕಾಗ ತ್ರಿಕೋಣ ಅಂದ ದಿನದಿಂದ ನನಗ ತ್ರಿಕೋಣನ ಕಾಣಸ್ತದ. ಗೋಲ ನೆನಸಲಿಕ್ಕೆ ಹೋದ್ರ ಅದೂ ಬರ್ತದ. ಈಗ ಯಾವುದು ಖರೆ ಅಂತ ನನ್ನ ಕೇಳಬ್ಯಾಡ. ನಿನ್ನ ಬುಕ್ಕಿನಾಗ ಏನದ ಅದ ಖರೆ."

ಆದ್ದರಿಂದ ನನ್ನ ಬುಕ್ಕಿನಲ್ಲಿ ಇರುವುದನ್ನು, ಅಂದು ಓದದೆ ಬಿಟ್ಟದ್ದನ್ನು, ಇಲ್ಲಿ ಬರೆಯುತ್ತಿದ್ದೇನೆ:

"೧೨-೨-೨೦೧೨, ೧೧.೪೦, ನನ್ನ ಕೈಗಡಿಯಾರ. ಹವಾಲ್ದಾರ್ ಹೇಳಿದ್ದು: ಮ್ಯಾಗಝೀನಿನ ಬೆನ್ನಿನ ಮೇಲೆ ಗೋಲ ಗುರುತು, ಒಳಗೆ ಏಳು ಅಥವಾ ಒಂದು. ಉಗುರಿನಿಂದ ಕೆರೆದು ನೋಡಿದ್ದು."

ಏಳಾಗಿದ್ದರೂ ಅದು ಆ ಲಾಟಿನದೇ ಎಂದಾಗುವುದಿಲ್ಲ. ಅವರು ಆ ಮುದ್ರೆಯನ್ನು ಮೂವತ್ತೆರಡು ವರ್ಷ ಒತ್ತಿದ್ದಾರೆ. ಬಹುತೇಕ ಎಲ್ಲವನ್ನೂ ಸರಿಯಾಗಿ ಅಳೆದೇ ಒತ್ತಿದ್ದಾರೆ. ಲಾಟು ವಾಪಸು ಬಂದಿದ್ದರೆ ಆ ಸಾವು ಅವರದಲ್ಲ. ಬಂದಿಲ್ಲದಿದ್ದರೆ ಏನೆಂದು ನಾನು ಹೇಳಲಾರೆ.

ಇದನ್ನು ಓದುವವರಲ್ಲಿ ಅಂಥ ಕಾರ್ಖಾನೆಯ ತಪಾಸಣೆಯಲ್ಲಿ, ಗೇಜ್ ರೂಮಿನಲ್ಲಿ, ಗೇಟಿನಲ್ಲಿ ಇದ್ದವರು ಯಾರಾದರೂ ಇರಬಹುದು. ಆ ಬಾಗಿಲಲ್ಲಿ ನಿಂತಿದ್ದ ನಲವತ್ತು ಜನರಲ್ಲಿ ಒಬ್ಬರ ಮಗನೋ ಮಗಳೋ ಇರಬಹುದು. ಮಾರ್ಚ್ ಕೊನೆಯ ದಿನ ಹೊರಟ ಮ್ಯಾಗಝೀನಿನ ಲಾಟೊಂದು, ಗೋಲದೊಳಗೆ ಏಳರ ಮುದ್ರೆಯದು, ಏಪ್ರಿಲಿನಲ್ಲಿ ಹಿಂದಕ್ಕೆ ಬಂದದ್ದು ನಿಮಗೆ ನೆನಪಿದೆಯೇ? ಬರಲೇ ಇಲ್ಲ ಎಂಬುದು ನೆನಪಿದ್ದರೂ ಸರಿ. ಹೆಸರುಗಳು ಬೇಡ. ಈ ಪತ್ರಿಕೆಯ ವಿಳಾಸಕ್ಕೆ, ನನಗೆ ಎಂದು, ಕಾಗದ ಹಾಕಿ. ಕಾಕೂಗೆ ಈಗ ಅಕ್ಷರ ಕಾಣಿಸುತ್ತಿಲ್ಲ, ನಾನೇ ಓದಿ ಹೇಳಬೇಕು. ಈ ಸಲ ಸಾಲು ಬಿಡದೆ ಓದುತ್ತೇನೆ.

ಫೋನಿನಲ್ಲಿ ಹೇಳಬೇಡಿ. ತಾರೀಖು ಹಾಕಿ, ಬರೆದು ಕಳಿಸಿ.